ಮೊಟ್ಟೆನಾ, ಬಾಳೆಹಣ್ಣಾ? ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,
ವಿಧಾನಸೌಧ, ಬೆಂಗಳೂರು

ಸಾರ್, ನಮಸ್ಕಾರ.

ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಸರ್ವಿಸಿನ ಬಹುಪಾಲು ನಲಿಕಲಿ ತರಗತಿಯಲ್ಲೇ, ಅಂದರೆ ಚಿಕ್ಕ ಮಕ್ಕಳು ಚಿತ್ರದ ಕಾರ್ಡು ಹಿಡಿದು ಕಲಿಯುವ ತರಗತಿಯಲ್ಲೇ ಕಳೆದೆ. 2024ರಲ್ಲಿ ನಿವೃತ್ತಿಯಾದೆ. ಸೇವೆಯಲ್ಲಿದ್ದಾಗ ಸಚಿವರಿಗೆ ಹೀಗೆ ಊರಿಗೆಲ್ಲ ಕಾಣುವ ಹಾಗೆ ಬರೆದಿದ್ದರೆ ನೋಟಿಸ್ ಬರುತ್ತಿತ್ತು. ಈಗ ಪೆನ್ಶನ್ ಬರುತ್ತಿದೆ, ಜೊತೆಗೆ ಸ್ವಲ್ಪ ಧೈರ್ಯವೂ ಬಂದಿದೆ.

ಹೇಳಬೇಕಾದ್ದು ಒಂದೇ ವಿಷಯ. ಮಾತು ಬಾರದ ಮಕ್ಕಳಿಗೆ ನಮ್ಮ ಶಾಲೆಗಳಲ್ಲಿ ಹಾಜರಿ ಸಿಗುತ್ತಿದೆ. ತಮ್ಮ ಮನಸ್ಸಲ್ಲಿರೋದನ್ನ ಹೇಳುವ ದಾರಿ ಸಿಗುತ್ತಿಲ್ಲ. ಆ ದಾರಿ ಮಾಡಿಕೊಡೋಕೆ ಬೇಕಾದ್ದು ನೀವು ಅಂದುಕೊಂಡಿರುವುದಕ್ಕಿಂತ ತುಂಬಾ ಕಡಿಮೆ.

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಹೆಸರು ಬೇಡ, ಪುಟ್ಟ ಅಂತ ಇಟ್ಟುಕೊಳ್ಳೋಣ. ಅವನಿಗೆ ಸೆರೆಬ್ರಲ್ ಪಾಲ್ಸಿ. ಕೈಕಾಲು ಬಿಗಿ, ಕುತ್ತಿಗೆ ನಿಲ್ಲೋದು ಕಷ್ಟ, ಮಾತಿಲ್ಲ. ಅವರಮ್ಮ ದಿನಾ ಸೊಂಟದ ಮೇಲೆ ಎತ್ತಿಕೊಂಡು ಬಂದು, ಗೋಡೆಗೆ ಒರಗಿಸಿ, ಎರಡೂ ಪಕ್ಕ ದಿಂಬು ಕೊಟ್ಟು ಹೋಗುತ್ತಿದ್ದರು. ಹಾಜರಿ ಕೂಗುವಾಗ ಅವನ ಹೆಸರನ್ನೂ ಕೂಗುತ್ತಿದ್ದೆ. "ಬಂದವ್ನೆ ಮಿಸ್" ಅಂತ ಬೇರೆ ಮಕ್ಕಳು ಹೇಳುತ್ತಿದ್ದರು. ಟಿಕ್ ಹಾಕುತ್ತಿದ್ದೆ. ಅಲ್ಲಿಗೆ ಅವನ ಆ ದಿನದ ಮಾತು ಮುಗಿಯಿತು. ಅದನ್ನೂ ಬೇರೆಯವರೇ ಆಡಿರುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು. ನಾನು ಅವನನ್ನು ಚೆನ್ನಾಗೇ ನೋಡಿಕೊಂಡೆ. ಜೊಲ್ಲು ಒರೆಸಿದೆ, ಬಿಸಿಲು ಬಂದರೆ ಜಾಗ ಬದಲಿಸಿದೆ. ಆದರೆ ಒಂದೇ ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯಲಿಲ್ಲ. ಮನೆಗೆ ಬಂದ ನೆಂಟರನ್ನು ಚಾಪೆ ಹಾಸಿ ಕೂರಿಸಿ, ಆಮೇಲೆ ಮರೆತುಬಿಟ್ಟ ಹಾಗೆ.

ಬಿಸಿಯೂಟಕ್ಕೆ ಮೊಟ್ಟೆ ಬರೋಕೆ ಶುರುವಾದ ಕಾಲ ಅದು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು, ಇಲ್ಲ ಚಿಕ್ಕಿ. ಪುಟ್ಟನ ಮನೆಯಲ್ಲಿ ಮೊಟ್ಟೆ ತಿನ್ನುತ್ತಾರೆ ಅಂತ ಅವನ ತಟ್ಟೆಗೆ ಮೊಟ್ಟೆ ಬೀಳುತ್ತಿತ್ತು. ಅಡುಗೆಯವರು ಕಿವುಚಿ ಬಾಯಿಗಿಡುತ್ತಿದ್ದರು. ಅವನು ಉಗುಳುತ್ತಿದ್ದ. ಪ್ರತಿ ಸಲ. ನಾನು ಅವನ ಫೈಲಿನಲ್ಲಿ "ನುಂಗಲು ತೊಂದರೆ ಇದೆ" ಅಂತ ಬರೆದಿಟ್ಟೆ.

2023ರಲ್ಲಿ ಒಂದು ದಿನ ತಾಲ್ಲೂಕಿನ ಸಂಪನ್ಮೂಲ ಕೇಂದ್ರದಿಂದ (ಬಿಆರ್‌ಸಿ) ಬಿಐಇಆರ್‌ಟಿ ಮೇಡಂ, ಅಂದರೆ ಅಂಗವಿಕಲ ಮಕ್ಕಳ ಕಲಿಕೆ ನೋಡಿಕೊಳ್ಳುವ ಟೀಚರ್, ಬಂದರು. ನಮ್ಮ ತಾಲ್ಲೂಕಿನಲ್ಲಿ ಆಗ ಇದ್ದವರು ಇಬ್ಬರೇ. ಸರ್ವೆ, ಕ್ಯಾಂಪು, ಮನೆಯಲ್ಲೇ ಕಲಿಯುವ ಮಕ್ಕಳ ಭೇಟಿ ಅಂತ ಅವರ ಸ್ಕೂಟರ್ ನಿಲ್ಲುವುದೇ ಇಲ್ಲ. ಅವತ್ತು ಊಟದ ಹೊತ್ತಿಗೆ ಬಂದಿದ್ದರು. ಪುಟ್ಟ ಉಗುಳೋದನ್ನ ನೋಡಿದರು. ನನ್ನ ಹತ್ತಿರ ಎರಡು ಹಳೆಯ ಕಾರ್ಡು ಇಸಿದುಕೊಂಡು, ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ಒಂದರ ಮೇಲೆ ಮೊಟ್ಟೆ, ಇನ್ನೊಂದರ ಮೇಲೆ ಬಾಳೆಹಣ್ಣು ಬರೆದರು. ಅವನ ಮುಖದ ಎಡಕ್ಕೊಂದು ಬಲಕ್ಕೊಂದು ಹಿಡಿದು ಕೇಳಿದರು: "ಪುಟ್ಟಾ, ಮೊಟ್ಟೆನಾ, ಬಾಳೆಹಣ್ಣಾ?"

ಕೇಳಿ ಸುಮ್ಮನಾದರು. ನನಗೆ ಮೆಲ್ಲಗೆ ಹೇಳಿದರು, "ಮನಸ್ಸಲ್ಲೇ ಹತ್ತು ಎಣಿಸಿ ಮೇಡಂ, ಮಾತಾಡಬೇಡಿ." ಏಳಕ್ಕೇ ನನ್ನ ಬಾಯಿ ತೆರೆಯಿತು. ತಡೆದುಕೊಂಡೆ. ಒಂಬತ್ತೋ ಹತ್ತೋ ಆದಾಗ ಅವನ ಕಣ್ಣು ನಿಧಾನಕ್ಕೆ ಬಾಳೆಹಣ್ಣಿನ ಕಡೆ ಹೋಗಿ ಅಲ್ಲೇ ನಿಂತಿತು. ಮೇಡಂ ಕಾರ್ಡುಗಳನ್ನು ಅದಲು ಬದಲು ಮಾಡಿ ಮತ್ತೆ ಕೇಳಿದರು. ಮತ್ತೆ ಬಾಳೆಹಣ್ಣು. ಮೂರನೇ ಸಲವೂ ಅದೇ.

ಬಾಳೆಹಣ್ಣು ಕಿವುಚಿ ಕೊಟ್ಟರೆ ಪೂರ್ತಿ ತಿಂದ. ನುಂಗೋಕೆ ತೊಂದರೆ ಅವನಿಗೆ ಇದ್ದೇ ಇದೆ. ಬೇಯಿಸಿದ ಮೊಟ್ಟೆಯ ಹಳದಿ ಗಂಟಲಲ್ಲಿ ಹಿಡಿಯುತ್ತೆ, ಬಾಳೆಹಣ್ಣು ಜಾರುತ್ತೆ. ಅವನಿಗೆ ಅದು ಗೊತ್ತಿತ್ತು. ಅಷ್ಟು ದಿನ ಉಗುಳಿ ಉಗುಳಿ ಹೇಳುತ್ತಿದ್ದ. ನಾವದನ್ನು ಕಾಯಿಲೆ ಅಂತ ಬರೆದುಕೊಂಡೆವು.

ಇಲ್ಲಿ ಖರ್ಚಾದದ್ದು ಎರಡು ರಟ್ಟು, ಹತ್ತು ಸೆಕೆಂಡು.

ಇದಕ್ಕೆ ತಜ್ಞರು ಎಎಸಿ ಅನ್ನುತ್ತಾರೆ. ಮಾತಿಗೆ ಬದಲಾಗಿ, ಇಲ್ಲವೇ ಇರುವಷ್ಟು ಮಾತಿಗೆ ಜೊತೆಯಾಗಿ ಚಿತ್ರ, ಸನ್ನೆ, ಕಣ್ಣೋಟ, ಬೋರ್ಡು, ಮಾತಾಡುವ ಯಂತ್ರ, ಯಾವುದು ಕೈಗೆಟುಕುತ್ತೋ ಅದನ್ನು ಬಳಸೋದು. ಸ್ಟೀಫನ್ ಹಾಕಿಂಗ್ ಬಳಸುತ್ತಿದ್ದರಲ್ಲ, ಅದೂ ಇದೇ ವಂಶ. ನಮ್ಮ ದೇಶದಲ್ಲೂ ಇದು ಹೊಸದಲ್ಲ. ಕೋಲ್ಕತ್ತದ ಸೆರೆಬ್ರಲ್ ಪಾಲ್ಸಿ ಸಂಸ್ಥೆ 1974ರಿಂದ ಇದೆ, ಈ ಕೆಲಸಕ್ಕೆ ಹೆಸರುವಾಸಿ. ಚೆನ್ನೈಯಲ್ಲಿ ಆವಾಜ್ ಅನ್ನೋ ಆ್ಯಪ್ ಮಾಡಿದರು. ಐಐಟಿ ಬಾಂಬೆಯವರ ಜೆಲ್ಲೋ ಆ್ಯಪ್ ಉಚಿತ. ಇನ್ನು ನಮ್ಮ ಮೈಸೂರಿನಲ್ಲೇ, ಮಾನಸಗಂಗೋತ್ರಿಯ ಪಕ್ಕದಲ್ಲೇ, 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಎಎಸಿಗೇ ಒಂದು ಘಟಕವಿದೆ. ಊರೂರಿಂದ ರೋಗಿಗಳು ಬಸ್ ಹತ್ತಿ ಅಲ್ಲಿಗೆ ಹೋಗುತ್ತಾರೆ. ಅಲ್ಲಿನ ತಿಳಿವಳಿಕೆ ಬಸ್ ಹತ್ತಿ ನಮ್ಮ ತಾಲ್ಲೂಕಿಗೆ ಬಂದದ್ದು ನನ್ನ ಸರ್ವಿಸಿನಲ್ಲಿ ನಾನು ಕಾಣಲಿಲ್ಲ. ಅದು ಕೇಂದ್ರದ ಆರೋಗ್ಯ ಇಲಾಖೆಗೆ ಸೇರಿದ್ದು, ನಿಮ್ಮ ಕೈಕೆಳಗಿಲ್ಲ, ನಿಜ. ಆದರೆ ಒಂದು ಪತ್ರ ಬರೆಯಲು ಅಡ್ಡಿ ಏನು?

ಕಾನೂನಿನ ಮಾತು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ನಿಮ್ಮ ಅಧಿಕಾರಿಗಳಿಗೆ ಅದು ಬಾಯಿಪಾಠ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ "ಸಂವಹನ" ಅಂದರೆ ಏನು ಅಂತ ಬಿಡಿಸಿ ಹೇಳುವಾಗಲೇ ಈ ಪರ್ಯಾಯ ವಿಧಾನಗಳನ್ನೂ ಸೇರಿಸಿದೆ. ಅವನ್ನು ಶಿಕ್ಷಣದಲ್ಲಿ ಬೆಳೆಸಬೇಕು ಅಂತ 17ನೇ ಸೆಕ್ಷನ್ ಸರ್ಕಾರಕ್ಕೇ ಹೇಳಿದೆ. ವಿಶೇಷ ಶಿಕ್ಷಕರ ವಿಷಯದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಅದಾದ ಮೇಲೆ 2022ರಲ್ಲಿ ಕೇಂದ್ರ ಸರ್ಕಾರ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಅನುಸೂಚಿ ತಿದ್ದಿತು: ಒಂದರಿಂದ ಐದನೇ ತರಗತಿಯವರೆಗೆ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಆರರಿಂದ ಎಂಟಕ್ಕೆ 15 ಮಕ್ಕಳಿಗೆ ಒಬ್ಬರು. ಹುದ್ದೆಗಳನ್ನು ಗೊತ್ತುಮಾಡಿ ಅಂತ 2025ರ ಮಾರ್ಚ್‌ನಲ್ಲಿ ಕೋರ್ಟ್ ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ಇಡೀ ತಾಲ್ಲೂಕಿಗೆ ಇಬ್ಬರು ಅನ್ನೋ ಲೆಕ್ಕವನ್ನು ಇದರ ಪಕ್ಕ ಇಟ್ಟು ನೋಡಿ.

ಆದರೆ ಒಂದು ಮಾತು. ವಿಶೇಷ ಶಿಕ್ಷಕರು ಬರಲಿ, ಆಮೇಲೆ ನೋಡೋಣ ಅಂತ ತರಗತಿಯ ಟೀಚರ್ ಕೂತರೆ ಆಗಲ್ಲ. ನಾನೂ ಎರಡು ವರ್ಷ ಹಾಗೇ ಕೂತಿದ್ದೆ. ಮೇಡಂ ತಿಂಗಳಿಗೊಮ್ಮೆ ಬರುತ್ತಾರೆ. ಮಗು ದಿನಾ ಬರುತ್ತೆ.

ಆಮೇಲೆ ನಾನು ಮಾಡಿದ್ದು ಇಷ್ಟು. ಮೇಡಂ ಹೇಳಿಕೊಟ್ಟ ಹಾಗೆ ಒಂದು ಹಾಳೆಯಲ್ಲಿ ಒಂಬತ್ತು ಮನೆ ಗೀಚಿ, ಚಿತ್ರ ಬರೆದು, ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ತೆಗೆಸಿ ಲ್ಯಾಮಿನೇಶನ್ ಮಾಡಿಸಿದೆ. ಅದೇ ನಮ್ಮ ಬೋರ್ಡು. ನಾಲ್ಕು ಪ್ರತಿಗೆ 120 ರೂಪಾಯಿ ಆಯಿತು. ಬೇಕು, ಬೇಡ, ಇನ್ನೂ, ಸಾಕು, ಬಾ, ಹೋಗೋಣ, ನೋವು, ಸಿಟ್ಟು, ಮಿಸ್. ಒಂದು ತರಗತಿಗೆ, ಒಂದು ಬಿಸಿಯೂಟದ ಜಾಗಕ್ಕೆ, ಒಂದು ಅವನ ಚೀಲಕ್ಕೆ, ಒಂದು ಮನೆಗೆ.

ಪುಟ್ಟನಿಗೆ ಬೆರಳು ಇಡೋಕೆ ಆಗಲ್ಲ. ನಾವು ಒಂದೊಂದೇ ಚಿತ್ರ ಮುಟ್ಟುತ್ತಾ ಹೋಗಬೇಕು, ತನಗೆ ಬೇಕಾದ್ದು ಬಂದಾಗ ಅವನು "ಹೌದು" ಅನ್ನಬೇಕು. ಅವನ "ಹೌದು" ಯಾವುದು ಅಂತಲೇ ನನಗೆ ತಿಳಿದಿರಲಿಲ್ಲ. ಅದನ್ನು ಕಂಡುಹಿಡಿದಿದ್ದು ಅವನ ಪಕ್ಕ ಕೂರುತ್ತಿದ್ದ ಹುಡುಗಿ. "ಮಿಸ್, ಅವ್ನು ಹೂಂ ಅನ್ನೋವಾಗ ಜಂತೆ ನೋಡ್ತಾನೆ" ಅಂದಳು. ಎಷ್ಟು ದಿನದಿಂದ ನಿನಗೆ ಗೊತ್ತು ಅಂದೆ. "ಒಂದನೇ ಕ್ಲಾಸಿಂದ" ಅಂದಳು.

ಈಗ ಮುಖ್ಯವಾದದ್ದು ಬರುತ್ತೆ. ಬೋರ್ಡು ತೂಗುಹಾಕಿದರೆ ಮಗು ಮಾತಾಡಲ್ಲ. ನಾವು ಮೊದಲು ಆ ಬೋರ್ಡಿನಲ್ಲಿ ಮಾತಾಡಬೇಕು. "ಬನ್ನಿ, ಹೊರಗೆ ಹೋಗೋಣ" ಅನ್ನುವಾಗ "ಹೋಗೋಣ" ಚಿತ್ರ ಮುಟ್ಟಬೇಕು. "ಗಲಾಟೆ ಸಾಕು" ಅಂತ ಗದರುವಾಗ "ಸಾಕು" ಮುಟ್ಟಬೇಕು. ದಿನಕ್ಕೆ ಹತ್ತಾರು ಸಲ. ಕೂಸು ಹುಟ್ಟಿದ ದಿನದಿಂದ ನಾವು ಅದರ ಜೊತೆ ಮಾತಾಡುತ್ತೇವೆ. ಅದು "ಅಮ್ಮ" ಅನ್ನೋಕೆ ವರ್ಷ ಬೇಕು. ಅಲ್ಲಿವರೆಗೆ ಯಾವ ಅಜ್ಜಿಯಾದರೂ "ಇದಕ್ಕೆ ಮಾತು ಬರಲ್ಲ, ಸುಮ್ನೆ ಯಾಕೆ ಲಾಲಿ ಹಾಡೋದು" ಅಂತಾಳಾ? ಈ ಮಕ್ಕಳ ವಿಷಯದಲ್ಲಿ ಮಾತ್ರ ನಾವು, ಮೊದಲು ಚಿತ್ರ ಗುರುತಿಸಲಿ, ಆಮೇಲೆ ಬೋರ್ಡ್ ಕೊಡೋಣ ಅನ್ನುತ್ತೇವೆ.

ಏಳು ತಿಂಗಳು ನಾನು ಮುಟ್ಟಿದ್ದೇ ಮುಟ್ಟಿದ್ದು. ನಡುವೆ ಅವನು ಬೇಕು, ಬೇಡ ಅಂತ ಹೇಳಿದ್ದುಂಟು, ನಾವಾಗಿ ಕೇಳಿದಾಗ. 2024ರ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ನಾನು ಏನೋ ಉದ್ದಕ್ಕೆ ಪಾಠ ಹೇಳುತ್ತಿದ್ದೆ. ಪುಟ್ಟ ಗಂಟಲಲ್ಲಿ ಸದ್ದು ಮಾಡಿದ. ಪಕ್ಕದ ಹುಡುಗಿ ಬೋರ್ಡು ತೆಗೆದು ಒಂದೊಂದೇ ಮುಟ್ಟುತ್ತಾ ಹೋದಳು. "ಮಿಸ್" ಬಂದಾಗ ಜಂತೆ ನೋಡಿದ. ಇನ್ನೊಂದು ಸುತ್ತು. "ಸಾಕು" ಬಂದಾಗ ಮತ್ತೆ ಜಂತೆ.

ಮಿಸ್ ಸಾಕು.

ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಅವನೂ ನಕ್ಕ, ಜೊಲ್ಲು ಸುರಿಸಿಕೊಂಡು. ನನ್ನ ಪಾಠದ ಬಗ್ಗೆ ಇನ್ಸ್‌ಪೆಕ್ಷನ್‌ನಲ್ಲಿ ಯಾರೂ ಇಷ್ಟು ನೇರವಾಗಿ ಹೇಳಿರಲಿಲ್ಲ. ಇದು ಯಾರೂ ಕೇಳದೆ ಅವನಾಗಿ ಆಡಿದ ಮೊದಲ ಮಾತು. ಊಟ, ನೀರು, ಬಚ್ಚಲು ಇವಿಷ್ಟನ್ನೇ ಚಿತ್ರ ಮಾಡಿಕೊಟ್ಟು "ಅಗತ್ಯ ಪೂರೈಸಿದೆವು" ಅಂದುಕೊಳ್ಳುತ್ತೇವಲ್ಲ, ಅಂಥ ಬೋರ್ಡಿನಲ್ಲಿ ಈ ಮಾತು ಹುಟ್ಟುತ್ತಲೇ ಇರಲಿಲ್ಲ. ದೂರು, ಕೀಟಲೆ, ಬೇಜಾರು, ಜಗಳ ಇವೂ ಬೇಕು.

ನನ್ನದೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಒಂದು ಸಲ ಮೇಲಧಿಕಾರಿಯೊಬ್ಬರು ಭೇಟಿಗೆ ಬಂದರು. ಬೋರ್ಡು ನೋಡಿ "ತೋರಿಸಿ ನೋಡೋಣ" ಅಂದರು. ಪುಟ್ಟನಿಗೆ ಅವತ್ತು ನಿದ್ದೆ, ಏನೂ ಹೇಳಲಿಲ್ಲ. ನನಗೆ ಅವಮಾನ ಆದ ಹಾಗಾಯಿತು. ಅವನ ಮುಷ್ಟಿ ಹಿಡಿದು "ಬಾ" ಚಿತ್ರದ ಮೇಲೆ ಇಡಿಸಿ, "ನೋಡಿ ಸಾರ್, ನಿಮ್ಮನ್ನು ಬನ್ನಿ ಅಂತಿದ್ದಾನೆ" ಅಂದೆ. ಅವರು ಖುಷಿಯಾಗಿ ಚಪ್ಪಾಳೆ ತಟ್ಟಿದರು. ಪುಟ್ಟ ಜಂತೆ ನೋಡಲಿಲ್ಲ. ಅದು ನನ್ನ ಮಾತು, ಅವನ ಕೈಯಲ್ಲಿ ಆಡಿಸಿದ್ದು. ಹೀಗೆ ದೊಡ್ಡವರು ಕೈ ಹಿಡಿದು ಅಕ್ಷರ ಒತ್ತಿಸುವ ಒಂದು ಪದ್ಧತಿಯೇ ಇದೆ. ಅದನ್ನು ಬಳಸಬೇಡಿ ಅಂತ ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ 2018ರಲ್ಲಿ ಖಡಕ್ಕಾಗಿ ಹೇಳಿದೆ. ನೀವು ತರಬೇತಿ ಕೊಡಿಸುವಾಗ ಇದನ್ನು ಮೊದಲ ದಿನವೇ ಹೇಳಿಸಿ. ಯಾಕೆಂದರೆ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿ ಅಂದ ಕೂಡಲೇ ನಮ್ಮಂಥವರ ಕೈ ಮಗುವಿನ ಕೈಯ ಮೇಲೆ ಹೋಗುತ್ತೆ.

ತಂದೆ ತಾಯಿಯರ ಭಯ ಬೇರೆ. "ಬೋರ್ಡು ಕೊಟ್ಟರೆ ಬರೋ ಮಾತೂ ನಿಂತುಹೋಗುತ್ತೆ ಮಿಸ್" ಅಂತ ಪುಟ್ಟನ ಅಪ್ಪ ಅಂದಿದ್ದರು. ಹಳೆಯ ಸಂಶೋಧನೆಗಳನ್ನೆಲ್ಲ ಸೇರಿಸಿ ನೋಡಿದ ಒಂದು ಅಮೆರಿಕನ್ ಅಧ್ಯಯನ 2006ರಲ್ಲಿ ಬಂದಿದೆ. ಅದರಲ್ಲಿ ಗಟ್ಟಿ ಸಾಕ್ಷಿ ಇದ್ದ 27 ಜನರ ಪೈಕಿ ಒಬ್ಬರ ಮಾತೂ ಕಡಿಮೆಯಾಗಿರಲಿಲ್ಲ. 89% ಜನರ ಮಾತು ಹೆಚ್ಚಿತ್ತು, ಕೆಲವರದು ಅಲ್ಪಸ್ವಲ್ಪವೇ ಆದರೂ. ಇದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಹೇಳಲು ಒಂದು ಕರಪತ್ರ ಇದ್ದಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

ಇನ್ನು ಕನ್ನಡದ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಕ್ಷಮಿಸಿ. ಬೋರ್ಡು ಮಾಡಿಸಿ ಅಂದರೆ ಇಲಾಖೆ ಮಾಡುವುದು ಏನು ಅಂತ ನನಗೆ ಗೊತ್ತು. ಇಂಗ್ಲಿಷ್ ಬೋರ್ಡು ಇಳಿಸಿಕೊಂಡು, ಪದಕ್ಕೆ ಪದ ಇಟ್ಟು ಅಚ್ಚು ಹಾಕಿಸುತ್ತಾರೆ. ಅಂಥದ್ದೊಂದನ್ನು ನಾನು ನೋಡಿದ್ದೇನೆ. ಅದರಲ್ಲಿ "ಸಹಾಯ" ಅಂತ ಒಂದು ಮನೆ ಇತ್ತು. ಯಾವ ಮಗು ಅವ್ವನಿಗೆ "ಸಹಾಯ" ಅನ್ನುತ್ತೆ ಹೇಳಿ? "ಮಾಡ್ಕೊಡು" ಅನ್ನುತ್ತೆ. "ಹೆಚ್ಚು" ಅಂತ ಇನ್ನೊಂದು. ಪಾಯಸ ಮತ್ತೆ ಬೇಕಾದರೆ ನಾವು "ಇನ್ನೂ" ಅನ್ನುತ್ತೇವೆ. ಇಂಗ್ಲಿಷಿನವರಿಗೆ ಒಂದೇ ಒಂದು "ನೋ" ಸಾಕು. ನಮಗೆ ಸಾಲದು. ಮೊಟ್ಟೆಗೆ ಬೇಡ, ಚೀಲದಲ್ಲಿ ಪೆನ್ಸಿಲ್ ಇದೆಯಾ ಅಂದರೆ ಇಲ್ಲ, ಇದು ನಿಂದಾ ಅಂದರೆ ಅಲ್ಲ, ಎದ್ದು ನಿಲ್ಲು ಅಂದರೆ ಆಗಲ್ಲ. ಈ ನಾಲ್ಕೂ ಬೇರೆ ಬೇರೆ ಮನೆಯಲ್ಲಿ ಕೂರಬೇಕು. ನನ್ನ ಮೊದಲ ಬೋರ್ಡಿನಲ್ಲೇ ಈ ತಪ್ಪಿತ್ತು, "ಅಲ್ಲ" ಇರಲಿಲ್ಲ. ಯಾರೋ ಪುಟ್ಟನ ಟೋಪಿಯನ್ನು ತಮ್ಮದು ಅಂದಾಗ ಅವನು ಪಾಪ "ಬೇಡ, ಬೇಡ" ಅಂತಲೇ ಹೇಳುತ್ತಿದ್ದ. ನಮಗೆ ಟೋಪಿ ಬೇಡ ಅಂದ ಹಾಗೆ ಕೇಳಿಸಿತು. ಇನ್ನು "ಬಾ" ಇಡಬೇಕೋ "ಬನ್ನಿ" ಇಡಬೇಕೋ ಅಂತ ಸ್ಟಾಫ್ ರೂಮಿನಲ್ಲಿ ಚರ್ಚೆಯೇ ಆಯಿತು. ಮಿಸ್‌ಗೆ "ಬಾ" ಅನ್ನಬಹುದಾ ಅಂತ. ಅನ್ನಲಿ ಬಿಡಿ ಅಂದೆ.

ಕನ್ನಡ ಅಂದರೂ ಯಾವ ಕನ್ನಡ? ಕಲಬುರಗಿ ಕಡೆ ಮಗು "ಬ್ಯಾಡ" ಅನ್ನುತ್ತೆ. ಮಂಗಳೂರು ಕಡೆ ತುಳು ಮನೆಯಲ್ಲಿ "ಬೊಡ್ಚಿ". ನಮ್ಮ ಶಾಲೆಯಲ್ಲಿ ಉರ್ದು ಮಾತಾಡುವ ಮನೆಯ ಒಬ್ಬಳು ಹುಡುಗಿ ಇದ್ದಳು, ಆಟಿಸಂ. ನಾನು "ಬೇಡ" ಅಂತ ಚಿತ್ರ ಮುಟ್ಟಿ ಮುಟ್ಟಿ ಸೋತೆ. ಅವಳ ಅಜ್ಜಿ ಒಂದು ದಿನ ಬಂದು ಕೂತು, ಅದೇ ಚಿತ್ರ ಮುಟ್ಟಿ "ನಕ್ಕೊ" ಅಂದರು. ಹುಡುಗಿ ತಿರುಗಿ ನೋಡಿದಳು. ನಾನು ಆಮೇಲೆ ಚಿತ್ರದ ಕೆಳಗೆ ಎರಡೂ ಬರೆದೆ, ಎರಡೂ ಹೇಳಿದೆ. ಅದಕ್ಕೇ ಕೇಳುವುದು: ಬೆಂಗಳೂರಿನಲ್ಲಿ ಅಚ್ಚಾಗುವ ಬೋರ್ಡಿನಲ್ಲಿ ಕೆಲವು ಮನೆ ಖಾಲಿ ಬಿಡಿ. ಟೀಚರು, ಅಜ್ಜಿ ಸೇರಿ ತುಂಬಿಕೊಳ್ಳುತ್ತಾರೆ. ನಲಿಕಲಿ ಹುಟ್ಟಿದ್ದೂ ಹಾಗೇ ಅಲ್ವಾ? 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ಟೀಚರುಗಳೇ ಆಂಧ್ರದ ರಿಷಿ ವ್ಯಾಲಿಯ ಶಾಲೆಗಳಿಗೆ ಹೋಗಿ ನೋಡಿ ಬಂದು, ತಾವೇ ಕೂತು ಕಾರ್ಡು ಬರೆದರು. ರಾಜ್ಯದ ನಲಿಕಲಿ ಟೀಚರುಗಳಿಗೆಲ್ಲ ಚಿತ್ರದ ಕಾರ್ಡು ಹಿಡಿದು ಕಲಿಸುವುದು ಗೊತ್ತು. ಕಾರ್ಡನ್ನು ಮಗುವಿನ ಕಡೆಗೆ ತಿರುಗಿಸಿ ಕಾಯುವುದನ್ನು ಮಾತ್ರ ಕಲಿಸಬೇಕು.

ದಯವಿಟ್ಟು ಇದನ್ನು "ಕಿಟ್" ಮಾಡಬೇಡಿ ಸಾರ್. ಕಿಟ್ ಬಂತು ಅಂದರೆ ಸ್ಟಾಕ್ ರಿಜಿಸ್ಟರ್ ಬಂತು. ಹರಿದರೆ, ಕಳೆದರೆ ಆಡಿಟ್‌ನಲ್ಲಿ ಉತ್ತರ ಕೊಡಬೇಕು. ಹಾಗಾಗಿ ಎಚ್‌ಎಂ ಬೀರುವಿಗೆ ಬೀಗ ಹಾಕುತ್ತಾರೆ, ಅವರ ತಪ್ಪೂ ಅಲ್ಲ. ನಮ್ಮ ಬೀರುವಿನಲ್ಲಿ ಬಿಡಿಸದ ಡಬ್ಬಗಳು ಎಷ್ಟಿದ್ದವು ಅಂತ ನಾನು ಚಾರ್ಜ್ ಕೊಡುವಾಗ ಎಣಿಸಿದ್ದೇನೆ. ಬೋರ್ಡು ಚಾಕ್‌ಪೀಸಿನ ಹಾಗೆ ಸವೆಯುವ ವಸ್ತು ಅಂತ ಆದೇಶದಲ್ಲೇ ಬರೆಯಿರಿ. ಜೊಲ್ಲು ಬೀಳಲಿ, ಸಾರು ಚೆಲ್ಲಲಿ, ಮೂರು ತಿಂಗಳಿಗೆ ಹರಿಯಲಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿ ಲೆಕ್ಕವಿದೆ. ಅದರಲ್ಲಿ 120 ರೂಪಾಯಿ ದೊಡ್ಡದಲ್ಲ. ಟ್ಯಾಬ್ಲೆಟ್ಟು, ಆ್ಯಪ್ ಬೇಡ ಅನ್ನುತ್ತಿಲ್ಲ. ದೂರದಿಂದ ಕರೆಯೋಕೆ ದನಿ ಬೇಕೇ ಬೇಕು, ರಟ್ಟಿಗೆ ದನಿ ಇಲ್ಲ. ಆದರೆ ಕರೆಂಟು ಹೋದ ದಿನವೂ ಮಗುವಿಗೆ ಹೇಳೋದು ಇರುತ್ತೆ.

ತರಬೇತಿ ಎರಡು ದಿನ ಸಾಕು, ಆದರೆ ತರಗತಿಯ ಟೀಚರಿಗೆ, ಅಡುಗೆಯವರಿಗೆ, ಮಗುವಿನ ಮನೆಯಿಂದ ಒಬ್ಬರಿಗೆ, ಮೂವರಿಗೂ ಒಟ್ಟಿಗೆ. ನನ್ನ ಅನುಭವದಲ್ಲಿ ಅಡುಗೆಯವರೇ ಬೇಗ ಕಲಿತರು. ಮೌಲ್ಯಮಾಪನದಲ್ಲಿ ಕಣ್ಣಿನಲ್ಲಿ ತೋರಿಸಿದ ಉತ್ತರವನ್ನು ಮೌಖಿಕ ಉತ್ತರ ಅಂತ ಒಪ್ಪಿಕೊಳ್ಳಿ.

ಇನ್ನೊಂದು ಮಾತು ಬರೆಯೋಕೆ ಕೈ ಹಿಂಜರಿಯುತ್ತೆ. 2012ರ ಪೋಕ್ಸೊ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ, ಅಂಗವೈಕಲ್ಯ ಇರುವ ಮಗುವಿನ ಸಾಕ್ಷ್ಯ ಪಡೆಯುವಾಗ ಕೋರ್ಟು ವಿಶೇಷ ಶಿಕ್ಷಕರ ಅಥವಾ ಆ ಮಗು ಹೇಗೆ ಮಾತಾಡುತ್ತೆ ಅಂತ ಬಲ್ಲವರ ನೆರವು ಪಡೆಯಬಹುದು. ಅಂಥ ಒಬ್ಬರು ಊರಲ್ಲಿ ಇರುತ್ತಾರೆ ಅಂತ ಕಾನೂನು ನಂಬಿಕೊಂಡಿದೆ. ಆ ಮಗುವಿಗೆ ಯಾರೂ ಯಾವ ದಾರಿಯನ್ನೂ ಕೊಟ್ಟೇ ಇಲ್ಲದಿದ್ದರೆ, ಬಲ್ಲವರು ಎಲ್ಲಿಂದ ಬರಬೇಕು? ಅದಕ್ಕೇ ಬೋರ್ಡಿನಲ್ಲಿ ನೋವು, ಹೊಡೆದರು, ಮುಟ್ಟಬೇಡ, ಮೈಯ ಭಾಗಗಳ ಹೆಸರು ಇರಲೇಬೇಕು ಅನ್ನುವುದು. ಚೆಂದದ ಪದಗಳಷ್ಟೇ ಇರುವ ಬೋರ್ಡು ನಮ್ಮ ಸಮಾಧಾನಕ್ಕೆ.

ಪುಟ್ಟ ಈಗ ಐದನೇ ತರಗತಿ. ನಮ್ಮ ಶಾಲೆ ಐದಕ್ಕೆ ಮುಗಿಯುತ್ತೆ. ಜೂನ್‌ನಲ್ಲಿ ಪಕ್ಕದೂರಿನ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಬೇಕು. ಅವನ ಟಿಸಿ ಜೊತೆ ಹೋಗುವ ಕಾಗದಗಳಲ್ಲಿ ಜಾತಿ ಇರುತ್ತೆ, ಹುಟ್ಟಿದ ದಿನ ಇರುತ್ತೆ, ಸ್ಯಾಟ್ಸ್ (ವಿದ್ಯಾರ್ಥಿ ಗುರುತಿನ) ನಂಬರ್ ಇರುತ್ತೆ. ಅವನು ಹೇಗೆ ಮಾತಾಡುತ್ತಾನೆ ಅಂತ ಬರೆಯಲು ಯಾವ ಕಾಲಮ್ಮೂ ಇಲ್ಲ. ಒಂದು ಕಾಲಮ್ ಸೇರಿಸಲು ನಿಮ್ಮ ಒಂದು ಸಹಿ ಸಾಕು. ಅದು ಬರುವವರೆಗೆ ನಾನೇ ಒಂದು ಚೀಟಿ ಬರೆದು ಅವರಮ್ಮನ ಕೈಗೆ ಕೊಟ್ಟಿದ್ದೇನೆ. ಹೊಸ ಟೀಚರಿಗೆ ಕೊಡಿ ಅಂತ. ಅದರಲ್ಲಿ ಇರುವುದು ಇಷ್ಟು:

"ಮೇಡಂ, ಇವನು ಹೌದು ಅನ್ನುವಾಗ ಮೇಲೆ ನೋಡುತ್ತಾನೆ. ಬೇಡದ್ದಕ್ಕೆ ಕಣ್ಣು ಮುಚ್ಚುತ್ತಾನೆ. ಕೇಳಿದ ಮೇಲೆ ಹತ್ತು ಎಣಿಸಿ. ಬೋರ್ಡು ಚೀಲದ ಮುಂದಿನ ಜೇಬಿನಲ್ಲಿದೆ, ಹರಿದಿದ್ದರೆ ಅವರಮ್ಮನ ಹತ್ತಿರ ಇನ್ನೊಂದು ಇದೆ. ಮೊಟ್ಟೆ ಇಷ್ಟ ಇಲ್ಲ, ಆದರೂ ದಿನಾ ಕೇಳಿ. ಯಾವತ್ತಾದರೂ ಮನಸ್ಸು ಬದಲಾಗಬಹುದು. ಪಾಠ ಉದ್ದವಾದರೆ ಅವನೇ ಹೇಳುತ್ತಾನೆ."

ಇತಿ,
ನಿವೃತ್ತ ನಲಿಕಲಿ ಶಿಕ್ಷಕಿ,
ತುಮಕೂರು ಜಿಲ್ಲೆ